ಹೊಸ ವಾಷಿಂಗ್ ಮಷಿನ್ ಕೂರ್ಸೋದು ಹೇಗೆ, ಆಮೇಲೆ ಆಗೋ ಸಣ್ಣಪುಟ್ಟ ಎಡವಟ್ಟು ಸರಿ ಮಾಡ್ಕೊಳೋದು ಹೇಗೆ

ಮಷಿನ್ ತಗೊಳೋರು ಅಂಗಡೀಲಿ ಎಷ್ಟು ಕೆಜಿ, ಎಷ್ಟು ಸ್ಟಾರ್, ಇಎಂಐ ಎಷ್ಟು ತಿಂಗ್ಳು ಅಂತ ಅರ್ಧ ದಿನ ನಿಂತು ಕೇಳ್ತಾರೆ, ಮನೇಲಿ ಅದನ್ನ ಇಡೋ ಜಾಗದ ಕಡೆ ಮಾತ್ರ ಒಂದ್ಸಲನೂ ನೋಡಿರಲ್ಲ. ಆಮೇಲೆ ನೀರು ಹತ್ತಲ್ಲ, ನೀರು ಹೋಗಲ್ಲ, ಮಷಿನ್ ಕುಣಿಯತ್ತೆ, ಮುಟ್ಟಿದ್ರೆ ಜುಮ್ ಅನ್ನತ್ತೆ ಅಂತ ಕಂಪ್ಲೇಂಟ್ ಮೇಲೆ ಕಂಪ್ಲೇಂಟು. ನಾನು ನೋಡಿರೋ ಹಾಗೆ ಹೊಸ ಮಷಿನ್ ತೊಂದ್ರೆ ಅಂತ ಹೇಳೋದ್ರಲ್ಲಿ ಮುಕ್ಕಾಲು ಪಾಲು ಮಷಿನ್ದಲ್ಲ, ಮನೇದು: ನಲ್ಲಿ, ಮೋರಿ, ಪ್ಲಗ್ ಪಾಯಿಂಟ್, ನೆಲ. ಈ ನಾಲ್ಕನ್ನ ಮಷಿನ್ ಬರೋಕೆ ಮುಂಚೆನೇ ಸರಿ ಮಾಡಿಟ್ರೆ ಕಂಪನಿ ಹುಡುಗ ಬಂದು ಅರ್ಧ ಗಂಟೇಲಿ ಕೂರ್ಸಿ ಹೋಗ್ತಾನೆ, ಇಲ್ಲಾಂದ್ರೆ "ಪ್ಲಂಬರ್ ಕರ್ಸಿ ಸಾರ್, ಆಮೇಲೆ ಫೋನ್ ಮಾಡಿ" ಅಂತ ಹೇಳಿ ಹೊರಟ್ಬಿಡ್ತಾನೆ.

ಇಲ್ಲಿ ಹೆಚ್ಚಾಗಿ ಫ್ರಂಟ್ ಲೋಡ್ ಬಗ್ಗೆನೇ ಬರ್ದಿದೀನಿ, ತಲೆನೋವು ಜಾಸ್ತಿ ಅದ್ರದ್ದೇ. ಟಾಪ್ ಲೋಡ್‌ಗೆ ಎಲ್ಲಿ ಬೇರೆ ಆಗತ್ತೋ ಅಲ್ಲಲ್ಲೇ ಹೇಳ್ತೀನಿ.

ಮಷಿನ್ ಬರೋಕೆ ಮುಂಚೆ

ಮೊದ್ಲು ಟೇಪ್ ತಗೊಂಡು ಅಳತೆ ಮಾಡಿ. ಫ್ರಂಟ್ ಲೋಡ್ ಸಾಮಾನ್ಯವಾಗಿ 60 ಸೆಂಟಿಮೀಟರ್ ಅಗಲ, 85 ಸೆಂಟಿಮೀಟರ್ ಎತ್ತರ ಇರತ್ತೆ, ಹಿಂದಕ್ಕೆ ಎಷ್ಟು ಅನ್ನೋದು ಕೆಜಿ ಮೇಲೆ ಹೋಗತ್ತೆ. ಅದ್ರ ಹಿಂದೆ ಪೈಪ್ ಮಡಚ್ಕೊಳ್ದೆ ಇರೋಕೆ ಇನ್ನೊಂದು 10 ಸೆಂಟಿಮೀಟರ್ ಬಿಡಿ. ಜಾಗ ಅಳೆದು ಬಾಗ್ಲು ಅಳೆಯೋದು ಮರೀಬೇಡಿ, ಅಪಾರ್ಟ್‌ಮೆಂಟ್ ಯುಟಿಲಿಟಿ (ಅಡುಗೆಮನೆ ಪಕ್ಕದ ಒಗೆಯೋ ತೊಳೆಯೋ ಜಾಗ) ಬಾಗ್ಲು ಎರಡೂವರೆ ಅಡಿ ಇದ್ರೆ ಮಷಿನ್ ಹೋಗತ್ತೆ, ಆದ್ರೆ ರಟ್ಟಿನ ಬಾಕ್ಸ್ ಥರ್ಮಾಕೋಲ್ ಸಮೇತ ಹೋಗೋದು ಕಷ್ಟ, ಹಾಲ್‌ನಲ್ಲೇ ಬಿಚ್ಬೇಕಾಗತ್ತೆ.

ಇನ್ನು ನಲ್ಲಿ. ಮಷಿನ್ ಜೊತೆ ಬರೋ ನೀರಿನ ಪೈಪ್‌ನ ನಟ್ಟು ಮುಕ್ಕಾಲು ಇಂಚಿನ ಥ್ರೆಡ್‌ದು. ಮನೇಲಿರೋ ಮಾಮೂಲಿ ನಲ್ಲಿ ಬಾಯಿಗೆ ಅದು ಕೂರಲ್ಲ. ಹಾರ್ಡ್‌ವೇರ್ ಅಂಗಡೀಲಿ "ವಾಷಿಂಗ್ ಮಷಿನ್ ಟ್ಯಾಪ್" ಅಂತ ಕೇಳಿದ್ರೆ ಮೂತಿಗೆ ಥ್ರೆಡ್ ಇರೋ ನಲ್ಲಿ ಕೊಡ್ತಾರೆ, ಹಳೇದು ಬಿಚ್ಚಿ ಅದನ್ನ ಹಾಕಿಸ್ಬಿಡಿ. ನಲ್ಲಿಗೆ ನಾಲ್ಕು ತಿರುಪು ಬಿಗಿದು ಕೂರ್ಸೋ ಪ್ಲಾಸ್ಟಿಕ್ ಅಡಾಪ್ಟರ್ ಬಾಕ್ಸಲ್ಲೇ ಬರತ್ತಲ್ಲ, ಅದು ತಾತ್ಕಾಲಿಕಕ್ಕೆ ಸರಿ, ಆದ್ರೆ ಪ್ರೆಶರ್ ಜಾಸ್ತಿ ಆದಾಗ ಕಳಚ್ಕೊಂಡು ಯುಟಿಲಿಟಿ ಪೂರ್ತಿ ನೀರಾಗೋದನ್ನ ಪಕ್ಕದ ಮನೇಲೇ ನೋಡಿದೀನಿ.

ಪ್ರೆಶರ್ ವಿಷಯಕ್ಕೆ ಬಂದ್ರೆ, ಮಷಿನ್‌ಗೆ ಕಮ್ಮಿ ಅಂದ್ರೂ 0.3 ಅಥ್ವಾ 0.5 ಬಾರ್ ಬೇಕು ಅಂತ ಮ್ಯಾನುಯಲ್‌ನಲ್ಲಿ ಬರೆದಿರತ್ತೆ. 10 ಮೀಟರ್ ಎತ್ತರದಿಂದ ನೀರು ಇಳಿದ್ರೆ ಹತ್ರಹತ್ರ 1 ಬಾರ್, ಇದು ಲೆಕ್ಕ. ಅಂದ್ರೆ ಟೆರೇಸ್ ಮೇಲೆ ಸಿಂಟೆಕ್ಸ್ ಇದೆ, ಕೆಳಗೇ ನಿಮ್ಮ ಮನೆ, ಟ್ಯಾಂಕಿಗೂ ನಲ್ಲಿಗೂ ಮೂರು ಮೀಟರ್ ಅಂತರ ಅಂದ್ರೆ ಸಿಗೋದು 0.3 ಬಾರ್ ಅಷ್ಟೇ, ಅದೂ ಪೈಪಲ್ಲಿ ಉಪ್ಪು ಕಟ್ಟಿಲ್ದಿದ್ರೆ. ಟಾಪ್ ಫ್ಲೋರ್‌ನೋರಿಗೆ "ನೀರು ಬರ್ತಿಲ್ಲ" ಅಂತ ಎರರ್ ಬರೋದು ಇದಕ್ಕೇ. ಪರೀಕ್ಷೆ ಸುಲಭ, ನಲ್ಲಿ ಪೂರ್ತಿ ತಿರುಗ್ಸಿ 15 ಲೀಟರ್ ಬಕೆಟ್ ಇಡಿ, ಮೂರು ನಿಮಿಷದೊಳಗೆ ತುಂಬಿದ್ರೆ ಆರಾಮ. ಐದಾರು ನಿಮಿಷ ತಗೊಂಡ್ರೆ ಮೊದ್ಲು ನಲ್ಲಿ ಒಳಗಿನ ಕಸ ತೆಗ್ಸಿ, ಆಗ್ಲೂ ಆಗ್ಲಿಲ್ಲ ಅಂದ್ರೆ ಚಿಕ್ಕ ಪ್ರೆಶರ್ ಪಂಪ್, ಇಲ್ಲಾ ಕಮ್ಮಿ ಪ್ರೆಶರ್‌ಗೇ ಮಾಡಿರೋ ಮಾಡೆಲ್ ತಗೊಳಿ.

ಕರೆಂಟ್‌ದು ಒಂದೇ ಮಾತು, ಫ್ರಂಟ್ ಲೋಡ್‌ಗೆ 16 ಆಂಪ್ಸ್ ದೊಡ್ಡ ಪಾಯಿಂಟೇ ಬೇಕು. ಒಳಗಿನ ಹೀಟರ್ ಹತ್ರಹತ್ರ 2000 ವ್ಯಾಟ್, 230 ವೋಲ್ಟ್‌ಗೆ ಲೆಕ್ಕ ಹಾಕಿದ್ರೆ 9 ಆಂಪ್ಸ್ ಎಳೆಯತ್ತೆ, ಮೊಬೈಲ್ ಚಾರ್ಜರ್ ಹಾಕೋ 6 ಆಂಪ್ಸ್ ಪಾಯಿಂಟ್‌ಗೆ ಕನ್ವರ್ಟರ್ ಪಿನ್ ಹಾಕಿ ಸಿಕ್ಕಿಸಿದ್ರೆ ಪಾಯಿಂಟ್ ಕರಗಿ ಹೋಗತ್ತೆ. ಎಕ್ಸ್‌ಟೆನ್ಶನ್ ಬಾಕ್ಸ್ ಬೇಡ. ಇನ್ವರ್ಟರ್ ಲೈನ್‌ಗೂ ಬೇಡ. ಅರ್ಥಿಂಗ್ ಇದ್ಯಾ ಅಂತ ಎಲೆಕ್ಟ್ರಿಷಿಯನ್ ಹತ್ರ ಚೆಕ್ ಮಾಡ್ಸಿ, ಹಳೇ ಮನೆಗಳಲ್ಲಿ ಮೂರನೇ ತೂತು ಇರತ್ತೆ ಆದ್ರೆ ಅದಕ್ಕೆ ವೈರೇ ಬಂದಿರಲ್ಲ. ನೀರು, ಕರೆಂಟು, ಒದ್ದೆ ಕೈ ಮೂರೂ ಒಂದೇ ಕಡೆ ಸೇರೋ ಜಾಗ ಇದು, ಮನೆ ಬೋರ್ಡಲ್ಲಿ 30 ಮಿಲಿಆಂಪ್ಸ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಬಿದ್ದು ಲೈನ್ ಆಫ್ ಮಾಡೋ ಸ್ವಿಚ್) ಇಲ್ದಿದ್ರೆ ಈಗ್ಲೇ ಹಾಕಿಸ್ಕೊಳಿ. ಹೀಟರ್ ಇಲ್ದಿರೋ ಟಾಪ್ ಲೋಡ್‌ಗೆ ಇಷ್ಟು ಕರೆಂಟ್ ಬೇಡ, ಅರ್ಥಿಂಗ್ ಮಾತ್ರ ಬೇಕೇ ಬೇಕು.

ಬಾಕ್ಸ್ ಬಿಚ್ಚೋದು, ಹಿಂದಿನ ಬೋಲ್ಟ್ ತೆಗೆಯೋದು

ಮಷಿನ್ 60-70 ಕೆಜಿ ತೂಗತ್ತೆ, ಒಳಗೆ ಕಾಂಕ್ರೀಟ್ ದಿಮ್ಮಿ ಕೂರ್ಸಿರ್ತಾರೆ, ಅಲ್ಲಾಡ್ದೆ ಇರ್ಲಿ ಅಂತ. ಒಬ್ರೇ ಎತ್ತೋ ಸಾಹಸ ಬೇಡ, ಬಾಗ್ಲು ಹಿಡ್ಕೊಂಡು ಎಳೆಯೋದಂತೂ ಬೇಡ್ವೇ ಬೇಡ. ಕೆಳಗಡೆ ತಳದಲ್ಲಿರೋ ಥರ್ಮಾಕೋಲ್ ಪೂರ್ತಿ ಬಂತಾ ನೋಡಿ, ಟಾಪ್ ಲೋಡ್‌ನಲ್ಲಿ ಮೋಟಾರ್ ಕೆಳಗೆ ಒಂದು ತುಂಡು ಉಳ್ಕೊಂಡುಬಿಡತ್ತೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಕೆಲಸ. ಫ್ರಂಟ್ ಲೋಡ್ ಹಿಂಭಾಗದಲ್ಲಿ ಮೂರೋ ನಾಲ್ಕೋ ದಪ್ಪ ಬೋಲ್ಟ್ ಇರತ್ತೆ, ಟ್ರಾನ್ಸಿಟ್ ಬೋಲ್ಟ್ ಅಂತಾರೆ. ಲಾರೀಲಿ ಬರೋವಾಗ ಒಳಗಿನ ಡ್ರಮ್ ಹೊಡ್ಕೊಳ್ದೆ ಇರ್ಲಿ ಅಂತ ಡ್ರಮ್ಮನ್ನ ಬಾಡಿಗೆ ಬಿಗಿದಿರ್ತಾರೆ. ಬಾಕ್ಸಲ್ಲೇ ಒಂದು ತಗಡಿನ ಪಾನ ಕೊಟ್ಟಿರ್ತಾರೆ, ಅದ್ರಲ್ಲಿ ಬೋಲ್ಟ್ ಸಡಿಲ ಮಾಡಿ, ಆಮೇಲೆ ಬೋಲ್ಟನ್ನ ಆ ಕಡೆ ಈ ಕಡೆ ಸ್ವಲ್ಪ ಅಲ್ಲಾಡಿಸ್ತಾ ಹೊರಗೆ ಎಳೀರಿ, ಅದ್ರ ಜೊತೆ ರಬ್ಬರೋ ಪ್ಲಾಸ್ಟಿಕ್ಕೋ ಉದ್ದನೇ ಬುಷ್ ಒಂದು ಬರ್ಬೇಕು. ಬೋಲ್ಟ್ ಬಂತು ಬುಷ್ ಬರ್ಲಿಲ್ಲ ಅಂದ್ರೆ ಕೆಲಸ ಮುಗಿದಿಲ್ಲ. ಎಲ್ಲಾ ಬಂದ್ಮೇಲೆ ಆ ತೂತುಗಳಿಗೆ ಬಾಕ್ಸಲ್ಲಿರೋ ಪ್ಲಾಸ್ಟಿಕ್ ಮುಚ್ಚಳ ಒತ್ತಿ, ಇಲ್ಲಾಂದ್ರೆ ಜಿರಳೆ ಸಂಸಾರ ಹೂಡತ್ತೆ. ಬೋಲ್ಟ್ ತೆಗೀದೆ ಮಷಿನ್ ಓಡ್ಸಿದ್ರೆ ಸ್ಪಿನ್ ಹೊತ್ತಿಗೆ ಬಾಡಿ ಸಮೇತ ಯುಟಿಲಿಟಿಯಿಂದ ಅಡುಗೆಮನೆಗೆ ನಡ್ಕೊಂಡು ಬರತ್ತೆ, ಒಳಗಿನ ಸಸ್ಪೆನ್ಶನ್ ಹಾಳಾಗತ್ತೆ, ಅದಕ್ಕೆ ವಾರಂಟಿನೂ ಸಿಗೋದು ಅನುಮಾನ. ಟಾಪ್ ಲೋಡ್‌ಗೆ ಇದ್ರ ತಂಟೆ ಇಲ್ಲ.

ಬೋಲ್ಟ್‌ಗಳನ್ನ ಎಸೀಬೇಡಿ, ಒಂದು ಕವರ್‌ಗೆ ಹಾಕಿ ಬಿಲ್ ಜೊತೆ ಇಡಿ. 11 ತಿಂಗಳ ಅಗ್ರಿಮೆಂಟ್‌ನಲ್ಲಿ ಇರೋರಿಗೆ ಮನೆ ಬದಲಾಯಿಸೋದು ತಪ್ಪಿದ್ದಲ್ಲ, ಟೆಂಪೋದಲ್ಲಿ ಹಾಕೋಕೆ ಮುಂಚೆ ಮತ್ತೆ ಬಿಗೀಬೇಕು.

ಮಟ್ಟ ಮಾಡೋದು

ಯುಟಿಲಿಟಿ ನೆಲ ಯಾವಾಗ್ಲೂ ಮೋರಿ ಕಡೆ ಇಳಿಜಾರಾಗೇ ಇರತ್ತೆ, ನೀರು ಹರೀಲಿ ಅಂತ ಹಾಗೆ ಮಾಡಿರ್ತಾರೆ, ತಪ್ಪಲ್ಲ. ಮಷಿನ್ ಕಾಲುಗಳನ್ನ ತಿರುಗ್ಸಿ ಸರಿದೂಗಿಸ್ಬೇಕು ಅಷ್ಟೇ. ಮಷಿನ್ ಮೇಲೆ ಸ್ಪಿರಿಟ್ ಲೆವೆಲ್ ಇಡಿ, ಇಲ್ದಿದ್ರೆ ಮೊಬೈಲ್‌ನಲ್ಲಿರೋ ಲೆವೆಲ್ ಆಪ್ ಸಾಕು, ಎಡಬಲ ನೋಡಿ, ಹಿಂದೆಮುಂದೆ ನೋಡಿ. ಆಮೇಲೆ ಎರಡು ಎದುರು ಮೂಲೆ ಒತ್ತಿ ಅಲ್ಲಾಡ್ಸಿ ನೋಡಿ, ನಾಲ್ಕು ಕಾಲೂ ನೆಲಕ್ಕೆ ಕಚ್ಕೊಂಡಿರ್ಬೇಕು. ಸರಿ ಆದ್ಮೇಲೆ ಕಾಲಿನ ಮೇಲಿರೋ ಚಿಕ್ಕ ನಟ್ಟನ್ನ ಬಾಡಿ ಕಡೆಗೆ, ಅಂದ್ರೆ ಮೇಲಕ್ಕೆ ಬಿಗೀಬೇಕು. ಇದನ್ನ ಸುಮಾರು ಜನ ಬಿಟ್ಬಿಡ್ತಾರೆ, ಹಾಗಾಗಿ ಎರಡು ತಿಂಗಳಿಗೆ ಕಾಲು ತಾನೇ ತಿರುಗಿ ಮತ್ತೆ ಡಗಡಗ ಶುರುವಾಗತ್ತೆ. ರಟ್ಟು, ಹಲಗೆ ತುಂಡು ಸಿಕ್ಕಿಸೋದು ಬೇಡ, ನೀರು ಬಿದ್ದು ಕೊಳೆಯತ್ತೆ.

ಸ್ಟ್ಯಾಂಡ್ ಬೇಕಾ ಅಂತ ಎಲ್ರೂ ಕೇಳ್ತಾರೆ. ನೆಲದಲ್ಲಿ ನೀರು ನಿಲ್ಲತ್ತೆ ಅಂದ್ರೆ ಬೇಕು, ಚಕ್ರ ಇಲ್ದಿರೋ ಗಟ್ಟಿ ಸ್ಟ್ಯಾಂಡ್. ಚಕ್ರದ್ದು ಗುಡಿಸಿ ಒರೆಸೋಕೆ ಚೆನ್ನ, ಸ್ಪಿನ್‌ಗೆ ಕೆಟ್ಟದ್ದು.

ನೀರು ಒಳಗೆ, ನೀರು ಹೊರಗೆ

ಪೈಪ್ ಹಾಕೋಕೆ ಮುಂಚೆ ನಲ್ಲಿ ತಿರುಗ್ಸಿ ಎರಡು ಬಕೆಟ್ ನೀರು ಬಿಟ್ಬಿಡಿ, ಪ್ಲಂಬರ್ ಕೆಲಸದ ಮರಳು, ಟೆಫ್ಲಾನ್ ಚೂರು ಎಲ್ಲಾ ಹೋಗ್ಲಿ. ಪೈಪ್‌ನ ಎರಡೂ ತುದೀಲಿ ರಬ್ಬರ್ ವಾಷರ್ ಇದ್ಯಾ ನೋಡಿ. ಪ್ಲಾಸ್ಟಿಕ್ ನಟ್ಟು ಕೈಯಲ್ಲಿ ಬಿಗಿದು ಆಮೇಲೆ ಇನ್ನು ಕಾಲು ಸುತ್ತು ಸಾಕು, ಪಾನ ಹಾಕಿ ಜೋರು ಮಾಡಿದ್ರೆ ಸೀಳು ಬಿಡತ್ತೆ. ನಲ್ಲಿ ಬಿಟ್ಟು ಒಣ ಟಿಶ್ಯೂ ಪೇಪರ್ ಸುತ್ತಿ ಐದು ನಿಮಿಷ ಕಾಯಿರಿ, ಒದ್ದೆ ಆದ್ರೆ ವಾಷರ್ ಸರಿ ಕೂತಿಲ್ಲ ಅಂತ.

ಹೊರಗೆ ಹೋಗೋ ಪೈಪ್‌ನಲ್ಲಿ ಎಡವಟ್ಟು ಜಾಸ್ತಿ. ಫ್ರಂಟ್ ಲೋಡ್‌ನ ಡ್ರೈನ್ ಪೈಪ್ ನೆಲದಿಂದ 60 ಸೆಂಟಿಮೀಟರ್‌ಗಿಂತ ಮೇಲಕ್ಕೆ ಹೋಗಿ ಬಗ್ಗಿ ಇಳೀಬೇಕು, 100 ಸೆಂಟಿಮೀಟರ್ ದಾಟ್ಬಾರ್ದು. ನಮ್ಮ ಮನೆಗಳಲ್ಲಿ ಮೋರಿ ನೆಲದಲ್ಲೇ ಇರತ್ತಲ್ಲ, ಹಾಗಾಗಿ ಪೈಪನ್ನ ಸೀದಾ ನೆಲದ ಜಾಲರಿಗೆ ಇಟ್ಟುಬಿಡ್ತಾರೆ, ಆಗ ಏನಾಗತ್ತೆ ಅಂದ್ರೆ ಒಂದು ಕಡೆ ನೀರು ತುಂಬ್ತಿರತ್ತೆ, ಇನ್ನೊಂದು ಕಡೆ ತಾನೇ ಎಳ್ಕೊಂಡು ಹೋಗ್ತಿರತ್ತೆ, ಮಷಿನ್ ತುಂಬೋದೇ ಇಲ್ಲ, ಸೋಪೆಲ್ಲ ಮೋರಿ ಪಾಲು, ಒಂದು ಗಂಟೆ ವಾಷ್ ಎರಡೂವರೆ ಗಂಟೆ ಆಗತ್ತೆ. ಮಷಿನ್ ಬಾಡಿ ಹಿಂದೆ ಪೈಪ್ ಸಿಕ್ಕಿಸೋ ಕ್ಲಿಪ್ ಮೇಲೆ ಇರತ್ತೆ, ಪೈಪನ್ನ ಅದಕ್ಕೆ ಹಾಯ್ಸಿ ಆಮೇಲೆ ಕೆಳಗೆ ಬಿಡಿ, ಮುಗೀತು. ಟಾಪ್ ಲೋಡ್ ಕೆಲವು ಮಾಡೆಲ್‌ಗಳು ನೆಲಕ್ಕೇ ಬಿಡೋ ಹಾಗಿರತ್ತೆ, ಮ್ಯಾನುಯಲ್ ಚಿತ್ರ ನೋಡಿ.

ಇನ್ನೊಂದು, ಪೈಪ್ ತುದಿ ನೀರಲ್ಲಿ ಮುಳುಗಿರ್ಬಾರ್ದು, ಸುತ್ತ ಗಾಳಿ ಆಡೋ ಜಾಗ ಇರ್ಬೇಕು. 2024ರ ಬೇಸಿಗೇಲಿ ಬೆಂಗ್ಳೂರಲ್ಲಿ ನೀರಿಗೆ ಹಾಹಾಕಾರ ಆದಾಗಿಂದ ಎಷ್ಟೋ ಮನೇಲಿ ಮಷಿನ್ ನೀರನ್ನ ಡ್ರಮ್‌ಗೆ ಹಿಡಿದು ಫ್ಲಶ್‌ಗೆ, ಕಾರ್ ಪಾರ್ಕಿಂಗ್ ತೊಳೆಯೋಕೆ ಉಪಯೋಗಿಸ್ತಾರೆ, ಒಳ್ಳೆ ಅಭ್ಯಾಸ, ಆದ್ರೆ ಪೈಪ್ ತುದಿ ಡ್ರಮ್ ಬಾಯಿ ಹತ್ರಾನೇ ಕಟ್ಟಿರ್ಲಿ, ತಳಕ್ಕೆ ಇಳಿಬಿಟ್ರೆ ಕೊಳೆ ನೀರು ವಾಪಸ್ ಎಳ್ಕೊಳೋ ಚಾನ್ಸ್ ಇದೆ.

ಮೊದಲ ಓಟ

ಬಟ್ಟೆ ಹಾಕ್ದೆ ಕಾಟನ್ 60 ಡಿಗ್ರಿಗೆ ಒಂದ್ಸಲ ಓಡ್ಸಿ, ಅರ್ಧ ಚಮಚ ಪೌಡರ್ ಸಾಕು. ಹೊಸ ಮಷಿನ್ ಒಳಗೆ ಒಂದಿಷ್ಟು ನೀರು ಇದ್ರೆ ಗಾಬರಿ ಬೇಡ, ಫ್ಯಾಕ್ಟರೀಲಿ ಟೆಸ್ಟ್ ಮಾಡಿರ್ತಾರೆ. ಓಡೋವಾಗ ಬಿಟ್ಟು ಹೋಗ್ಬೇಡಿ, ಹಿಂದೆ ಟಾರ್ಚ್ ಬಿಟ್ಟು ನೋಡಿ, ನೀರು ಎಲ್ಲಾದ್ರೂ ಜಿನುಗ್ತಿದ್ಯಾ, ಡ್ರೈನ್ ಹೊತ್ತಿಗೆ ಮೋರಿ ತುಂಬಿ ಉಕ್ಕತ್ತಾ ಅಂತ.

ಸೋಪಿನ ಡಬ್ಬೀಲಿ ಮೂರು ಗೂಡು ಇರತ್ತೆ. ಎರಡು ಗೀಟು ಇರೋದ್ರಲ್ಲಿ ಪೌಡರ್, ಹೂವಿನ ಚಿತ್ರ ಇರೋದ್ರಲ್ಲಿ ಕಂಫರ್ಟ್ ಥರದ್ದು, ಒಂದು ಗೀಟಿಂದು ಪ್ರೀವಾಷ್‌ಗೆ, ಅದು ಖಾಲಿ ಇರ್ಲಿ. ಅಮ್ಮಂದಿರು ಬಕೆಟ್‌ಗೆ ಹಾಕೋ ಅಳತೇಲಿ ಮಾಮೂಲಿ ಸೋಪಿನ ಪುಡಿ ಹಾಕ್ಬೇಡಿ, ಮಷಿನ್‌ಗೆ ಅಂತಾನೇ ಬರೋ ನೊರೆ ಕಮ್ಮಿ ಇರೋ ಪೌಡರ್ರೇ ಬೇಕು.

ಕಂಪನಿಯಿಂದ ಬಂದೋರು ಇಲ್ಲೊಂದು ವ್ಯಾಪಾರ ಶುರು ಮಾಡ್ತಾರೆ: ಸ್ಟ್ಯಾಂಡ್, ಕವರ್, ಉಪ್ಪು ತಡೆಯೋ ಫಿಲ್ಟರ್, ಪೌಡರ್ ಪ್ಯಾಕ್. ಇನ್‌ಸ್ಟಾಲೇಶನ್ ಫ್ರೀ ಅಂತ ಬಿಲ್ಲಲ್ಲಿ ಇದ್ರೆ ಅದಕ್ಕೆ ದುಡ್ಡು ಕೊಡೋ ಹಾಗಿಲ್ಲ, ಸಾಮಾನಿಗೆ ಮಾತ್ರ ಕೊಡ್ಬೇಕು, ಬೇಡಾಂದ್ರೆ ಬೇಡ ಅನ್ನಿ. ಸ್ಟ್ಯಾಂಡು ಕವರು ಹೊರಗಡೆ ಕಮ್ಮಿಗೇ ಸಿಗತ್ತೆ. ನೀವೇ ಕೂರ್ಸ್ಕೊಳೋ ಹಾಗಿದ್ರೆ ಮೊದ್ಲು ವಾರಂಟಿ ಕಾರ್ಡ್ ಓದಿ, ಕಂಪನಿಯೋರೇ ಬಂದು ಕೂರ್ಸ್ಬೇಕು ಅಂತ ಷರತ್ತು ಇರ್ಬಹುದು.

ನೀರು ಹೋಗ್ತಿಲ್ಲ, ಬಾಗ್ಲು ತೆಗೀತಿಲ್ಲ

ಎಲ್ರ ಮನೇಲೂ ಒಂದಲ್ಲಾ ಒಂದು ದಿನ ಆಗೋದು ಇದು. ಎಲ್‌ಜಿಯಲ್ಲಿ ಓಇ, ಸ್ಯಾಮ್‌ಸಂಗ್‌ನಲ್ಲಿ 5ಸಿ ಅಥ್ವಾ 5ಇ, ಬಾಷ್‌ನಲ್ಲಿ ಇ18 ಅಂತ ತೋರ್ಸತ್ತೆ, ಎಲ್ಲಾದ್ರ ಅರ್ಥನೂ ಒಂದೇ, ನೀರು ಹೊರಗೆ ಹೋಗ್ತಿಲ್ಲ. ಹಿಂದಿನ ಪೈಪ್ ಮಡಚ್ಕೊಂಡಿದ್ಯಾ ನೋಡಿ, ಇಲ್ಲಾಂದ್ರೆ ಮುಂದೆ ಕೆಳಗಡೆ ಮೂಲೇಲಿರೋ ಚಿಕ್ಕ ಬಾಗ್ಲಿಗೆ ಕೈ ಹಾಕಿ.

ಪ್ಲಗ್ ತೆಗೀರಿ, ನಲ್ಲಿ ಮುಚ್ಚಿ. ಬಿಸಿನೀರಿನ ವಾಷ್ ಆಗಿದ್ರೆ ಆರೋ ತನಕ ಕಾಯಿರಿ. ಆ ಚಿಕ್ಕ ಬಾಗ್ಲು ತೆಗೆದ್ರೆ ಒಂದು ದುಂಡನೆ ಮುಚ್ಚಳ, ಸುಮಾರು ಮಾಡೆಲ್‌ಗಳಲ್ಲಿ ಪಕ್ಕದಲ್ಲೇ ಬೆರಳು ಗಾತ್ರದ ಪೈಪ್ ಒಂದು ಇರತ್ತೆ. ಆ ಪೈಪ್ ಎಳೆದು ಬಿರಡೆ ತೆಗೆದು ಅಗಲವಾದ ತಟ್ಟೆಗೆ ನೀರು ಬಿಡಿ, ತುಂಬಿದ ಹಾಗೆ ಮುಚ್ಚಿ ಚೆಲ್ಲಿ ಮತ್ತೆ ಬಿಡಿ, ಬಕೆಟ್ ಆ ಎತ್ತರಕ್ಕೆ ಕೂರಲ್ಲ, ಹಳೇ ಬೇಕಿಂಗ್ ಟ್ರೇನೋ ಊಟದ ತಟ್ಟೆನೋ ಬೇಕು. ನೀರು ನಿಂತ್ಮೇಲೆ ದುಂಡು ಮುಚ್ಚಳವನ್ನ ಎಡಕ್ಕೆ ನಿಧಾನಕ್ಕೆ ತಿರುಗ್ಸಿ. ಹೊರಗೆ ಬರೋ ಜಾಲರಿಗೆ ಬೂದು ಬಣ್ಣದ ನೂಲು, ಕೂದಲು, ಲೋಳೆ ಎಲ್ಲಾ ಮೆತ್ಕೊಂಡಿರತ್ತೆ, ಅದ್ರ ನಡುವೆ ಒಂದು ರೂಪಾಯಿ ನಾಣ್ಯ, ಪಿನ್ನು, ಅಂಗಿ ಗುಂಡಿ, ಮಗೂದು ಒಂದು ಕಾಲುಚೀಲ. ವಾಸನೆಗೆ ಮೂಗು ಮುಚ್ಕೊಳಿ. ಹಳೇ ಹಲ್ಲುಜ್ಜೋ ಬ್ರಶ್‌ನಲ್ಲಿ ತೊಳೆದು, ಗೂಡೊಳಗೆ ಟಾರ್ಚ್ ಬಿಟ್ರೆ ಪಂಪ್‌ನ ಚಿಕ್ಕ ರೆಕ್ಕೆ ಕಾಣತ್ತೆ, ಕಡ್ಡೀಲಿ ತಳ್ಳಿ ನೋಡಿ, ತಡೆತಡೆದಾದ್ರೂ ತಿರುಗ್ಬೇಕು, ಅದಕ್ಕೆ ಕೂದ್ಲು ಸುತ್ಕೊಂಡಿದ್ರೆ ಬಿಡಿಸಿ. ಮುಚ್ಚಳ ಗಟ್ಟಿಯಾಗಿ ತಿರುಗ್ಸಿ, ರಿನ್ಸ್ ಸ್ಪಿನ್ ಹಾಕಿ, ತೊಟ್ಟಿಕ್ಕಿದ್ರೆ ವಕ್ರವಾಗಿ ಕೂತಿದೆ ಅಂತ. ತಿಂಗಳಿಗೊಂದ್ಸಲ ಇದನ್ನ ಮಾಡಿದ್ರೆ ಎರರ್ ಬರೋದು ತುಂಬಾ ಕಮ್ಮಿ.

ಬಾಗ್ಲು ತೆಗೀತಿಲ್ಲ ಅಂದ್ರೂ ಎಷ್ಟೋ ಸಲ ಕಾರಣ ಇದೇ, ಒಳಗೆ ನೀರಿದ್ರೆ ಲಾಕ್ ಬಿಡಲ್ಲ. ನೀರಿಲ್ಲ ಅಂದ್ರೆ ವಾಷ್ ಮುಗಿದ್ಮೇಲೆ ಒಂದೆರಡು ನಿಮಿಷ ಸುಮ್ನಿರಿ, ಲಾಕ್ ತಣ್ಣಗಾಗೋಕೆ ಅಷ್ಟು ಹೊತ್ತು ಬೇಕು. ಬಟನ್ ಯಾವ್ದೂ ಕೆಲಸ ಮಾಡ್ತಿಲ್ಲ, ಬೀಗದ ಗುರುತು ಉರೀತಿದೆ ಅಂದ್ರೆ ಮಕ್ಕಳು ಚೈಲ್ಡ್ ಲಾಕ್ ಒತ್ತಿದಾರೆ, ಅದೇ ಗುರುತಿರೋ ಬಟನ್ ಮೂರ್ನಾಲ್ಕು ಸೆಕೆಂಡ್ ಹಿಡೀರಿ.

ಉಳಿದ ತರಲೆಗಳು

ನೀರು ಹತ್ತಲ್ಲ, ಎಲ್‌ಜಿ ಐಇ, ಸ್ಯಾಮ್‌ಸಂಗ್ 4ಸಿ ಅಥ್ವಾ 4ಇ: ಟ್ಯಾಂಕಲ್ಲಿ ನೀರಿದ್ಯಾ ಅಂತ ಮೊದ್ಲು ನೋಡಿ, ತಮಾಷೆ ಅಲ್ಲ. ಆಮೇಲೆ ನಲ್ಲಿ ಮುಚ್ಚಿ, ಮಷಿನ್ ಹಿಂದೆ ಪೈಪ್ ಸೇರೋ ಕಡೆ ನಟ್ಟು ಬಿಚ್ಚಿದ್ರೆ ಒಳಗೆ ಚಿಕ್ಕ ಜಾಲರಿ, ಇಕ್ಕಳದಲ್ಲಿ ಹಿಡಿದು ಎಳೆದ್ರೆ ಬರತ್ತೆ. ಬೋರ್ ನೀರಿನ ಏರಿಯಾದಲ್ಲಿ ಅದು ಮರಳು, ಬಿಳೀ ಉಪ್ಪಿಂದ ಪೂರ್ತಿ ಮುಚ್ಚಿರತ್ತೆ, ವಿನಿಗರ್‌ನಲ್ಲಿ ನೆನೆಸಿಟ್ಟು ಉಜ್ಜಿ ಹಾಕಿ.

ಸ್ಪಿನ್‌ನಲ್ಲಿ ಕುಣಿಯತ್ತೆ ಅಥ್ವಾ ಸ್ಪಿನ್ನೇ ಆಗ್ದೆ ಯುಇ ಅಂತ ಬರತ್ತೆ: ಒಂದೇ ಒಂದು ದಪ್ಪ ಟವೆಲ್ಲೋ ಕಾಲೊರೆಸೋ ಮ್ಯಾಟೋ ಹಾಕಿದ್ರೆ ಭಾರ ಒಂದೇ ಕಡೆ ಬೀಳತ್ತೆ, ಜೊತೆಗೆ ಇನ್ನೆರಡು ಟವೆಲ್ ಹಾಕಿ. ಬೆಡ್‌ಶೀಟ್ ಒಳಗೆ ಎಲ್ಲಾ ಬಟ್ಟೆ ಮೂಟೆ ಕಟ್ಕೊಂಡಿದ್ರೆ ಬಿಡಿಸಿ ಹಾಕಿ. ಪಂಚೆ, ಕಾಟನ್ ಸೀರೆ ಬಿಡಿಸ್ಕೊಂಡು ಹಾಕ್ಬೇಡಿ, ಮಡಚಿ ನೆಟ್ ಬ್ಯಾಗಲ್ಲಿ ಹಾಕಿದ್ರೆ ಹಗ್ಗ ಹೊಸೆಯಲ್ಲ. ಆದ್ರೂ ಕುಣೀತಿದೆ ಅಂದ್ರೆ ಮಟ್ಟ, ಕಾಲಿನ ನಟ್ಟು, ಹೊಸ ಮಷಿನ್ ಆದ್ರೆ ಹಿಂದಿನ ಬೋಲ್ಟ್ ನೋಡಿ.

ನೊರೆ ಉಕ್ಕಿದ್ರೆ ವಾಷ್ ನಿಲ್ಸಿ, ಒಳಗಿನ ನೀರು ಹೊರಗೆ ಬಿಟ್ಟು, ಬರೀ ರಿನ್ಸ್ ಎರಡು ಸಲ ಓಡ್ಸಿ. ಒಂದು ಮುಚ್ಚಳ ಕಂಫರ್ಟ್ ಹಾಕಿದ್ರೆ ನೊರೆ ಬೇಗ ಇಳಿಯತ್ತೆ.

ಪ್ಯಾಂಟ್ ಜೇಬಲ್ಲಿ ಟಿಶ್ಯೂ ಪೇಪರ್ ಉಳಿದು ಕರೀ ಬಟ್ಟೆಗೆಲ್ಲ ಬಿಳೀ ಪುಡಿ ಅಂಟಿದ್ರೆ ತಕ್ಷಣ ಮತ್ತೆ ಒಗೀಬೇಡಿ, ಇನ್ನೂ ಹರಡತ್ತೆ. ಹಾಗೇ ಒಣಗ್ಸಿ, ಬಾಲ್ಕನೀಲಿ ಜೋರಾಗಿ ಕೊಡವಿ, ಡ್ರಮ್ಮನ್ನ ಒದ್ದೆ ಬಟ್ಟೇಲಿ ಒರೆಸಿ, ಆಮೇಲೆ ಒಗೀರಿ. ಬಣ್ಣ ಹತ್ತಿದ್ರೆ ಇದಕ್ಕೆ ಉಲ್ಟಾ, ಒಣಗೋಕೆ ಬಿಡ್ಬಾರ್ದು, ಬಣ್ಣ ಬಿಟ್ಟ ಬಟ್ಟೆ ಹೊರಗೆ ತೆಗೆದು ಉಳಿದಿದ್ದನ್ನ ಒದ್ದೆ ಇರೋವಾಗ್ಲೇ ಮತ್ತೊಂದು ವಾಷ್ ಹಾಕಿ.

ಕೆಟ್ಟ ವಾಸನೆ: ಬಾಗ್ಲಿನ ಸುತ್ತ ಇರೋ ರಬ್ಬರ್ ಮಡಿಕೆ ಬಿಡ್ಸಿ ನೋಡಿ, ಕೆಳಗಡೆ ಕರೀ ಬೂಷ್ಟು, ಕೂದ್ಲು, ನೀರು. ಪ್ರತಿ ವಾಷ್ ಆದ್ಮೇಲೆ ಒಣ ಬಟ್ಟೇಲಿ ಒರೆಸಿ, ಬಾಗ್ಲು, ಸೋಪಿನ ಡಬ್ಬಿ ಎರಡೂ ಓರೆ ತೆಗೆದಿಡಿ. ಇದೇ ರಬ್ಬರ್‌ಗೆ ಬ್ರಾ ಹುಕ್ಕು, ತಂತಿ ತಗುಲಿ ತೂತಾದ್ರೆ ದುಬಾರಿ ರಿಪೇರಿ, ಅವನ್ನೂ ನೆಟ್ ಬ್ಯಾಗ್‌ಗೇ ಹಾಕಿ.

ಗಡಸು ನೀರಿನೋರಿಗೆ ಒಂದು ಎಕ್ಸ್‌ಟ್ರಾ ಕೆಲಸ. ಕಾವೇರಿ ನೀರು ಬರೋ ಕಡೆ ಹೀಟರ್ ವರ್ಷಗಟ್ಲೆ ಕ್ಲೀನಾಗಿರತ್ತೆ, ಬೋರು, ಟ್ಯಾಂಕರ್ ನೀರಾದ್ರೆ ಉಪ್ಪು ಕಟ್ಟಿ ಸುಣ್ಣದ ಕಡ್ಡಿ ಥರ ಆಗಿರತ್ತೆ. 2024ರ ಅಕ್ಟೋಬರ್‌ನಲ್ಲಿ ಬೆಂಗ್ಳೂರಿಗೆ ಕುಡಿಯೋ ನೀರು ತರೋ ಕಾವೇರಿ 5ನೇ ಹಂತದ ಯೋಜನೆ ಶುರುವಾದ್ಮೇಲೂ ಹೊರವಲಯದ ಸುಮಾರು ಅಪಾರ್ಟ್‌ಮೆಂಟ್ ಸಂಪ್‌ನಲ್ಲಿ ಬೋರ್ ನೀರು ಸೇರಿಸ್ತಾನೇ ಇದಾರೆ, ಹಾಗಾಗಿ ಬಕೆಟ್ ಅಂಚಲ್ಲಿ ಬಿಳೀ ಪಟ್ಟೆ ಬರ್ತಿದ್ರೆ ನಿಮ್ದು ಗಡಸು ನೀರು ಅಂತಾನೇ ಇಟ್ಕೊಳಿ. ಒಂದೆರಡು ತಿಂಗಳಿಗೊಂದ್ಸಲ ಡೀಸ್ಕೇಲಿಂಗ್ ಪೌಡರ್ರೋ 100 ಗ್ರಾಂ ಸಿಟ್ರಿಕ್ ಆಸಿಡ್ಡೋ ಖಾಲಿ ಡ್ರಮ್‌ಗೆ ಹಾಕಿ 60 ಡಿಗ್ರಿ ಓಡ್ಸಿ. ಅದ್ರ ಜೊತೆ ಬ್ಲೀಚ್ ಮಾತ್ರ ಬೆರೆಸ್ಲೇಬೇಡಿ, ವಿಷದ ಗ್ಯಾಸ್ ಬರತ್ತೆ.

ಆರ್‌ಸಿಸಿಬಿ ಬೀಳ್ತಿದ್ರೆ ತಣ್ಣೀರಿನ ವಾಷ್ ಹಾಕಿ ನೋಡಿ. ತಣ್ಣೀರಲ್ಲಿ ಓಡಿ ಬಿಸಿಗೆ ಹಾಕಿದ ತಕ್ಷಣ ಬೀಳತ್ತೆ ಅಂದ್ರೆ ಹೆಚ್ಚುಕಮ್ಮಿ ಹೀಟರ್ರೇ ಹೋಗಿದೆ, ಟೆಕ್ನಿಷಿಯನ್‌ಗೆ ಹಾಗಂತಾನೇ ಹೇಳಿ. ಟಾಪ್ ಲೋಡ್ ಇರೋರು ತಳಕ್ಕೆ ಇಲಿ ಜಾಲರಿ ಹಾಕಿಸ್ಕೊಳಿ, ವೈರ್ ಕಡಿದ್ರೆ ವಾರಂಟೀಲಿ ಬರಲ್ಲ.

ಮುಟ್ಟಿದ್ರೆ ಶಾಕ್, ಸುಟ್ಟ ವಾಸನೆ, ಸ್ಪಿನ್‌ನಲ್ಲಿ ವಿಮಾನ ಮೇಲೇರೋ ಥರ ಗರಗರ ಸದ್ದು, ಈ ಮೂರಕ್ಕೆ ನೀವು ಕೈ ಹಾಕ್ಬೇಡಿ, ಪ್ಲಗ್ ತೆಗೆದು ಕಂಪನಿಗೆ ಫೋನ್ ಮಾಡಿ. ಶಾಕ್ ಆದ್ರೆ ಮೇನ್ ಆಫ್ ಮಾಡಿ ಆಮೇಲೆ ಪ್ಲಗ್ ಮುಟ್ಟಿ. ಫೋನ್ ಮಾಡೋಕೆ ಮುಂಚೆ ಬಾಗ್ಲಿನ ಚೌಕಟ್ಟಲ್ಲೋ ಹಿಂದೆನೋ ಅಂಟಿಸಿರೋ ಸ್ಟಿಕ್ಕರ್‌ನ ಮಾಡೆಲ್ ನಂಬರ್, ಸೀರಿಯಲ್ ನಂಬರ್ ಫೋಟೋ, ಬಿಲ್ ಫೋಟೋ, ಸದ್ದಿನ ಚಿಕ್ಕ ವಿಡಿಯೋ ಇಟ್ಕೊಂಡಿರಿ. ಬಂದೋರು ಯಾವ್ದಾದ್ರೂ ಪಾರ್ಟ್ ಬದಲಾಯಿಸಿದ್ರೆ ಹಳೇ ಪಾರ್ಟ್ ತೋರಿಸಿ ಅನ್ನಿ, ಬಿಲ್ಲಲ್ಲಿ ಪಾರ್ಟ್ ಹೆಸರು ಬರೆಸ್ಕೊಳಿ.